ಹೇಳದೆ ಬಿಟ್ಟ ವಾಕ್ಯ: ವಾದವನ್ನು ಓದುವುದು, ತೂಗುವುದು, ಬರೆಯುವುದು

ಈ ಎರಡು ವಾಕ್ಯ ನೋಡಿ: "ಅವರು ಮೂವತ್ತು ವರ್ಷ ಪಾಠ ಮಾಡಿದವರು. ಮಕ್ಕಳಿಗೆ ಹೋಂವರ್ಕ್ ಬೇಡ ಅಂತ ಅವರೇ ಹೇಳುತ್ತಿದ್ದಾರೆ ಅಂದಮೇಲೆ ಬೇಡ, ಅಷ್ಟೇ."

ಓದುವಾಗ ಸರಿ ಅನ್ನಿಸುತ್ತದೆ. ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುತ್ತೇವೆ. ಆದರೆ ಈ ಎರಡರ ನಡುವೆ ಇನ್ನೊಂದು ವಾಕ್ಯ ಇದೆ. ಬರೆದವರು ಅದನ್ನು ಬರೆದಿಲ್ಲ. "ತುಂಬಾ ವರ್ಷ ಪಾಠ ಮಾಡಿದವರು ಹೋಂವರ್ಕ್ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿರುತ್ತದೆ" ಅನ್ನುವುದೇ ಆ ವಾಕ್ಯ. ಹೀಗೆ ಬಿಡಿಸಿ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ, ಅಲ್ವಾ? ಅಷ್ಟೇ ವರ್ಷ ಪಾಠ ಮಾಡಿದ ಇನ್ನೊಬ್ಬರು ಹೋಂವರ್ಕ್ ಬೇಕೇ ಬೇಕು ಅಂದರೆ ಯಾರ ಮಾತು ಕೇಳೋಣ?

ವಾದಗಳಲ್ಲಿ ನಾನು ಕಂಡ ಬಿರುಕುಗಳು ಜಾಸ್ತಿ ಇರುವುದು ಇಂಥ ಜಾಗದಲ್ಲೇ. ಹೇಳಿದ ಮಾತನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ. ಹೇಳದೆ ಬಿಟ್ಟಿದ್ದು ಯಾರ ಕಣ್ಣಿಗೂ ಬೀಳದೆ ಒಳಗೆ ನುಗ್ಗಿಬಿಡುತ್ತದೆ. ಓದುವಾಗ ಅದನ್ನು ಹುಡುಕಿ ಹೊರಗೆ ತರುವುದು, ಬರೆಯುವಾಗ ನಾವೇ ಅದನ್ನು ಎದುರಿಗೆ ತಂದು ಇಡುವುದು ಹೇಗೆ ಅಂತ ನೋಡೋಣ.

ಮೊದಲು, ವಾದ ಯಾವುದು?

"ಸುಮ್ನೆ ವಾದ ಮಾಡಬೇಡ" ಅಂತ ಬೈಯುವಾಗ ನಮ್ಮ ಮನಸ್ಸಿನಲ್ಲಿ ಇರುವುದು ಹಟ, ಜಗಳ. ಇಲ್ಲಿ ಹೇಳುತ್ತಿರುವ ವಾದ ಅದಲ್ಲ. ಒಂದು ತೀರ್ಮಾನ, ಅದನ್ನು ಒಪ್ಪಲಿ ಅಂತ ಕೊಟ್ಟ ಒಂದೆರಡು ಕಾರಣ. ಇಷ್ಟಿದ್ದರೆ ಅದು ವಾದ. "ನನಗೆ ಮಳೆಗಾಲ ಇಷ್ಟ" ಎಂಬುದು ವಾದವಲ್ಲ, ಅದಕ್ಕೆ ಉತ್ತರ ಕೊಡುವ ಅಗತ್ಯವೂ ಇಲ್ಲ.

ಇನ್ನೊಂದು ಗೊಂದಲ ಇದೆ, ಸ್ವಲ್ಪ ಸೂಕ್ಷ್ಮ. "ಯಾಕಂದರೆ" ಅಂತ ಬಂದ ಕಡೆಯೆಲ್ಲ ವಾದ ಇರುವುದಿಲ್ಲ.

"ರಸ್ತೆ ಒದ್ದೆಯಾಗಿದೆ, ಯಾಕಂದರೆ ರಾತ್ರಿ ಮಳೆ ಬಂತು."
"ರಾತ್ರಿ ಮಳೆ ಬಂದಿರಬೇಕು, ಯಾಕಂದರೆ ರಸ್ತೆ ಒದ್ದೆಯಾಗಿದೆ."

ಮೊದಲನೆಯದರಲ್ಲಿ ರಸ್ತೆ ಒದ್ದೆ ಅನ್ನುವುದನ್ನು ಇಬ್ಬರೂ ಒಪ್ಪಿದ್ದಾರೆ. ಯಾಕೆ ಒದ್ದೆ ಅಂತ ಹೇಳುತ್ತಿದ್ದಾರೆ, ಅಷ್ಟೇ. ಅದು ವಿವರಣೆ. ಎರಡನೆಯದರಲ್ಲಿ ಮಳೆಯನ್ನು ಯಾರೂ ನೋಡಿಲ್ಲ. ಕಂಡ ಒಂದು ವಿಷಯದಿಂದ ಕಾಣದ ಇನ್ನೊಂದಕ್ಕೆ ಹಾರಿದ್ದಾರೆ. ಅದು ವಾದ. ಹಾರಿದ ಕಡೆ ಕೇಳಬೇಕಾದ ಪ್ರಶ್ನೆ: ರಸ್ತೆ ಒದ್ದೆಯಾಗಲು ಮಳೆಯೇ ಬೇಕಾ? ಪೈಪ್ ಒಡೆದಿರಬಹುದು. ಟ್ಯಾಂಕರ್ ಸೋರಿರಬಹುದು. "ಬಂತು" ಹೋಗಿ "ಬಂದಿರಬೇಕು" ಆಗಿದೆ ನೋಡಿ. ಆ "ಬೇಕು" ಸುಮ್ಮನೆ ಬಂದಿಲ್ಲ. ಮಾತಾಡುವವರು ಹಾರಿದ್ದಾರೆ ಅಂತ ಭಾಷೆಯೇ ಹೇಳಿಬಿಡುತ್ತದೆ.

ಕನ್ನಡ ಓದುವವರಿಗೆ ಇಂಥ ಸುಳಿವು ಬೇಕಾದಷ್ಟು ಸಿಗುತ್ತವೆ. "ಇದೂ ಕಾರಣ", "ಇದು ಕಾರಣ", "ಇದೇ ಕಾರಣ" ಈ ಮೂರನ್ನೂ ಒಂದು ಸಲ ಜೋರಾಗಿ ಓದಿ. ಒಂದು ಸ್ವರ ಬದಲಾದರೆ ವಾದದ ತೂಕವೇ ಬದಲಾಗುತ್ತದೆ. "ಇದೂ" ಅಂದವರು ಒಂದು ಪುರಾವೆ ಕೊಟ್ಟರೆ ಸಾಕು. "ಇದೇ" ಅಂದವರು ಉಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ ತೋರಿಸಬೇಕು. ಮೇಲೆ "ಇದೂ" ಅಂತ ಶುರು ಮಾಡಿ, ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ "ಇದೇ" ಆಗಿರುವ ಲೇಖನಗಳು ಎಷ್ಟೋ ಇವೆ. ನಡುವೆ ಹೊಸ ಪುರಾವೆ ಬಂದಿರುವುದಿಲ್ಲ. ಬರೆಯುತ್ತಾ ಬರೆಯುತ್ತಾ ಲೇಖಕರ ಧೈರ್ಯ ಜಾಸ್ತಿ ಆಗಿರುತ್ತದೆ.

"ತಾನೇ" ಇನ್ನೊಂದು. "ಅವರು ಸುಳ್ಳು ಹೇಳಿದ್ದಾರೆ ತಾನೇ?" ಅಂದಾಗ ಸಾಬೀತು ಮಾಡಬೇಕಾದ ಮಾತಿಗೆ ನಮ್ಮಿಂದ ಮೊದಲೇ ಹೂಂ ಅನ್ನಿಸಿಕೊಂಡಾಗಿದೆ. ಇನ್ನು "ಎನ್ನಲಾಗಿದೆ", "ಹೇಳಲಾಗುತ್ತಿದೆ". ಯಾರು ಅಂದದ್ದು? ಯಾರು ಹೇಳುತ್ತಿರುವುದು? ನನಗಂತೂ "ಎನ್ನಲಾಗಿದೆ" ಕಂಡರೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯುವ ಚಾಳಿ. (ನಾನು ಮೇಲೆ ನಿಮ್ಮನ್ನು "ಅಲ್ವಾ?" ಅಂತ ಕೇಳಿದ್ದೂ ಅದೇ ಜಾತಿಯದು. ಗಮನಿಸಿದಿರಾ?)

ಹೊಗೆ, ಬೆಂಕಿ, ಮತ್ತು ನಡುವಿನ ಕೊಂಡಿ

ಹೇಳದೆ ಬಿಟ್ಟ ವಾಕ್ಯವನ್ನು ಹೊರಗೆ ತೆಗೆಯುವ ಕೆಲಸ ಹೊಸದಲ್ಲ. ತರ್ಕವನ್ನೇ ಮುಖ್ಯವಾಗಿ ಹಿಡಿದ ಪ್ರಾಚೀನ ಭಾರತದ ಪಂಥ ನ್ಯಾಯ ದರ್ಶನ. ಅದರವರು ಒಂದು ಪೂರ್ತಿ ವಾದಕ್ಕೆ ಐದು ಭಾಗ ಬೇಕು ಅಂದರು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಅವರ ಹಳೆಯ ಉದಾಹರಣೆ ಗುಡ್ಡದ್ದು, ಐದೂ ಭಾಗ ಇದೇ ಕ್ರಮದಲ್ಲಿ ಬರುತ್ತವೆ. ಗುಡ್ಡದಲ್ಲಿ ಬೆಂಕಿ ಇದೆ. ಯಾಕಂದರೆ ಹೊಗೆ ಕಾಣುತ್ತಿದೆ. ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಒಲೆಯಲ್ಲಿ ಇರುವ ಹಾಗೆ. ಈ ಗುಡ್ಡದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ.

ನಮಗೆ ಮೊದಲೆರಡು ವಾಕ್ಯ ಸಾಕು ಅನ್ನಿಸುತ್ತದೆ. ಆದರೆ ಭಾರ ಹೊತ್ತಿರುವುದು ಮೂರನೆಯದು. ಹೊಗೆಗೂ ಬೆಂಕಿಗೂ ಇರುವ ಆ ಬಿಡಿಸಲಾಗದ ನಂಟಿಗೆ ಅವರು ವ್ಯಾಪ್ತಿ ಅಂತ ಹೆಸರಿಟ್ಟರು. ಈ ನಂಟನ್ನು ತಿರುಗಿಸಿದರೆ ಏನಾಗುತ್ತದೆ ಅಂತಲೂ ನೋಡಿದರು. "ಎಲ್ಲೆಲ್ಲಿ ಬೆಂಕಿಯೋ ಅಲ್ಲೆಲ್ಲ ಹೊಗೆ" ಅನ್ನಬಹುದಾ? ಆಗುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ಒಂದು ವಾದವನ್ನು ಪರೀಕ್ಷೆ ಮಾಡುವುದು ಅಂದರೆ ಹೀಗೆ. ನಡುವಿನ ಕೊಂಡಿ ಹಿಡಿದು, ಅದು ಕಳಚುವ ಒಂದೇ ಒಂದು ಉದಾಹರಣೆ ಸಿಗುತ್ತದಾ ಅಂತ ಹುಡುಕುವುದು.

1958ರಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ವಾದಗಳನ್ನು ಬಿಚ್ಚಿ ನೋಡಿದಾಗಲೂ ಇದೇ ಜಾಗದಲ್ಲಿ ನಿಂತರು. ಪುರಾವೆಯಿಂದ ತೀರ್ಮಾನಕ್ಕೆ ದಾಟಲು ಅನುಮತಿ ಕೊಡುವ ಒಂದು ಮಾತು ಇರುತ್ತದೆ, ಅದನ್ನು ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಂದರು. ಜೊತೆಗೆ "ಬಹುಶಃ", "ಸಾಮಾನ್ಯವಾಗಿ" ಅಂತ ತೀರ್ಮಾನದ ಬಲ ಹೇಳುವ ಪದವನ್ನೂ, "ಇಂಥ ಸಂದರ್ಭ ಬಿಟ್ಟು" ಅನ್ನುವ ವಿನಾಯಿತಿಯನ್ನೂ ವಾದದ ಅಂಗಗಳಾಗಿ ಎಣಿಸಿದರು. ಈ ಎರಡು ನನಗೆ ತುಂಬಾ ಉಪಯೋಗಕ್ಕೆ ಬಂದಿವೆ. "ಬಹುಶಃ" ಅಂದವರನ್ನು ಪುಕ್ಕಲರು ಅನ್ನುವುದು ನಮ್ಮ ಅಭ್ಯಾಸ. ಎಷ್ಟು ಗೊತ್ತೋ ಅಷ್ಟೇ ಹೇಳುವುದು ಪುಕ್ಕಲುತನ ಹೇಗಾದೀತು?

ಒಂದು ಪಂಪ್, ಒಂದು ಬೀದಿ

ಈಗ ನಿಜವಾದ ಒಂದು ವಾದವನ್ನು ಹತ್ತಿರದಿಂದ ನೋಡೋಣ. 1854ರ ಆಗಸ್ಟ್ ಕೊನೆ. ಲಂಡನ್ನಿನ ಸೋಹೊ ಎಂಬಲ್ಲಿ ಕಾಲರಾ ಬಿತ್ತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ, ಕೊಳೆತ ವಾಸನೆಯಿಂದ ರೋಗ ಬರುತ್ತದೆ ಅಂತ ಆಗಿನ ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರಿಗೆ ಮಾತ್ರ ಅನುಮಾನ ಇದ್ದದ್ದು ನೀರಿನ ಮೇಲೆ. ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರೇ ಕಾರಣ ಅಂತ ಅವರು ವಾದಿಸಿದರು.

ಸತ್ತವರ ಮನೆಗಳು ಹೆಚ್ಚಾಗಿ ಆ ಪಂಪಿನ ಸುತ್ತ ಇದ್ದವು. ಆ ಸಾವುಗಳನ್ನು ಗುರುತು ಹಾಕಿ ಸ್ನೋ ಒಂದು ನಕ್ಷೆ ಮಾಡಿದರು; ಅವರ ಹೆಸರು ಬಂದ ಕಡೆಯೆಲ್ಲ ಆ ನಕ್ಷೆಯ ಚಿತ್ರವೂ ಬರುತ್ತದೆ. ಆದರೆ ಸ್ವಲ್ಪ ನಿಂತು ಯೋಚಿಸಿ. "ಸತ್ತವರು ಪಂಪಿನ ಹತ್ತಿರ ಇದ್ದರು, ಹಾಗಾಗಿ ಪಂಪೇ ಕಾರಣ." ನಡುವೆ ಹೇಳದೆ ಬಿಟ್ಟಿದ್ದು ಯಾವುದು? "ಹತ್ತಿರ ಇದ್ದವರಿಗೆಲ್ಲ ಸಮಾನವಾಗಿ ಇದ್ದದ್ದು ಆ ನೀರೊಂದೇ." ಇದು ಸುಳ್ಳು. ಅವರಿಗೆಲ್ಲ ಗಾಳಿಯೂ ಒಂದೇ ಆಗಿತ್ತು! ಕೆಟ್ಟ ಗಾಳಿಯವರು ಅದೇ ನಕ್ಷೆ ಹಿಡಿದು "ನೋಡಿ, ವಾಸನೆ ಜಾಸ್ತಿ ಇದ್ದಲ್ಲಿ ಸಾವು ಜಾಸ್ತಿ" ಅನ್ನಬಹುದಿತ್ತು. ಎರಡು ವಾದಕ್ಕೂ ಒಪ್ಪುವ ಪುರಾವೆ ಎಷ್ಟೇ ದೊಡ್ಡದಿದ್ದರೂ ಎರಡರಲ್ಲಿ ಒಂದನ್ನು ಆರಿಸಿಕೊಡಲಾರದು.

ಸ್ನೋ ಗಟ್ಟಿಗರಾದದ್ದು ಇಲ್ಲಿ. ನೀರು ಒಂದು, ಗಾಳಿ ಇನ್ನೊಂದು ಆಗಿರುವ ಜಾಗಗಳನ್ನು ಅವರು ಹುಡುಕಿದರು. ಪಂಪಿನ ಹತ್ತಿರವೇ ಬಡವರ ಆಶ್ರಯಮನೆಯೊಂದಿತ್ತು. ಒಳಗೆ 535 ಜನ. ಕಾಲರಾದಿಂದ ಸತ್ತವರು 5. ಅವರಿಗೆ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯಲ್ಲಿ 70ಕ್ಕಿಂತ ಹೆಚ್ಚು ಕೆಲಸಗಾರರು, ಕಾಲರಾದಿಂದ ಒಬ್ಬರೂ ಸಾಯಲಿಲ್ಲ. ಅವರು ಪಂಪಿನ ಕಡೆ ಹೋಗುತ್ತಿರಲಿಲ್ಲ. ಗಾಳಿ ಅದೇ, ನೀರು ಬೇರೆ, ರೋಗ ಇಲ್ಲ ಅನ್ನುವಷ್ಟು ಕಡಿಮೆ.

ಇದಕ್ಕೆ ಉಲ್ಟಾ ಪ್ರಕರಣವೂ ಸಿಕ್ಕಿತು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಇದ್ದರು. ತಿಂಗಳುಗಟ್ಟಲೆ ಅವರು ಬ್ರಾಡ್ ಸ್ಟ್ರೀಟ್ ಕಡೆ ಬಂದೇ ಇರಲಿಲ್ಲ. ಆದರೆ ಆ ಪಂಪಿನ ನೀರಿನ ರುಚಿ ಹಿಡಿದಿತ್ತು, ದಿನಾ ಬಾಟಲಿಯಲ್ಲಿ ತರಿಸಿಕೊಳ್ಳುತ್ತಿದ್ದರು. ಅವರೂ ಕಾಲರಾದಿಂದ ಸತ್ತರು. ಅದೇ ನೀರು ಕುಡಿದು ಇಸ್ಲಿಂಗ್ಟನ್‌ಗೆ ವಾಪಸ್ ಹೋದ ಸಂಬಂಧಿಯೂ ಸತ್ತರು. ಗಾಳಿ ಬೇರೆ, ನೀರು ಅದೇ, ರೋಗ ಇದೆ. ಪಂಪಿನ ಸುತ್ತಲಿನ ನೂರಾರು ಸಾವಿಗಿಂತ ದೂರದ ಈ ಎರಡು ಸಾವು ವಾದಕ್ಕೆ ಹೆಚ್ಚು ತೂಕ ಕೊಟ್ಟವು.

ಅಂಕಿಗಳನ್ನು ಸ್ನೋ ಬಳಸಿದ ರೀತಿಯೂ ನೋಡುವಂಥದ್ದು. ಅದೇ ವರ್ಷ ದಕ್ಷಿಣ ಲಂಡನ್ನಿನಲ್ಲಿ ಎರಡು ನೀರಿನ ಕಂಪನಿಗಳು ಒಂದೇ ಬೀದಿಗಳ ಮನೆಗಳಿಗೆ ನೀರು ಕೊಡುತ್ತಿದ್ದವು. ಒಂದು ಕಂಪನಿ ನದಿಯ ಕೊಳಕು ಭಾಗದಿಂದ ನೀರೆತ್ತುತ್ತಿತ್ತು. ಇನ್ನೊಂದು 1852ರಲ್ಲೇ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಸಾಂಕ್ರಾಮಿಕದ ಮೊದಲ ಏಳು ವಾರದಲ್ಲಿ ಮೊದಲ ಕಂಪನಿಯ ಮನೆಗಳಲ್ಲಿ 1,263 ಸಾವು, ಎರಡನೆಯದರಲ್ಲಿ 98. ಇಷ್ಟೇ ಹೇಳಿ ನಿಲ್ಲಿಸಿದ್ದರೆ "ಮೊದಲ ಕಂಪನಿಗೆ ಮನೆಗಳೇ ಜಾಸ್ತಿ ಇದ್ದವಲ್ಲ" ಅಂತ ಯಾರಾದರೂ ಕೇಳಬಹುದಿತ್ತು. ಇದ್ದದ್ದು ನಿಜ: 40,046 ಮನೆ. ಇನ್ನೊಂದಕ್ಕೆ 26,107. ಹಾಗಾಗಿ ಸ್ನೋ ಎರಡನ್ನೂ 10,000 ಮನೆಗೆ ಎಷ್ಟು ಸಾವು ಅಂತ ಲೆಕ್ಕ ಹಾಕಿದರು. 315 ಮತ್ತು 37. ಎದುರಿನವರು ಕೇಳುವ ಮೊದಲೇ ಅವರ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಬರೀ ದೊಡ್ಡ ಸಂಖ್ಯೆ ಕಂಡಾಗಲೆಲ್ಲ "ಎಷ್ಟರಲ್ಲಿ?" ಅಂತ ಕೇಳುವ ಅಭ್ಯಾಸ ನಮಗೂ ಇರಲಿ.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆದರು. ಸಾವು ನಿಂತಿತು. ಸ್ನೋ ಗೆದ್ದರು. ಕಥೆಯನ್ನು ಹೀಗೆ ಹೇಳಿದರೆ ಕೇಳಲು ಚೆಂದ, ಆದರೆ ತಪ್ಪು. ಹಿಡಿ ತೆಗೆಯುವ ಮೊದಲೇ ರೋಗ ಇಳಿಯುತ್ತಿತ್ತು, ಯಾಕಂದರೆ ಜನ ಮನೆ ಬಿಟ್ಟು ಓಡಿಹೋಗಿದ್ದರು. ನೀರಿನಲ್ಲಿ ಆಗಲೂ ವಿಷ ಇತ್ತೋ ಇಲ್ಲವೋ ಹೇಳಲಾಗದು ಅಂತ ಸ್ನೋ ಅವರೇ ಬರೆದಿದ್ದಾರೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅನ್ನುತ್ತೇವಲ್ಲ, ಅದೇ. ಒಂದಾದ ಮೇಲೆ ಇನ್ನೊಂದು ಆಯಿತು ಅಂದಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತಲ್ಲ. ತನ್ನ ಪರವಾಗಿ ಬಳಸಬಹುದಾಗಿದ್ದ ಪುರಾವೆಯನ್ನು ಬೇಡ ಅಂದ ವಾದಿ ಸ್ನೋ. ಅವರ ಉಳಿದ ಮಾತುಗಳ ಮೇಲೆ ನನಗೆ ನಂಬಿಕೆ ಹೆಚ್ಚಾಗಲು ಇದೂ ಒಂದು ಕಾರಣ. (ಇದೂ. ಇದೇ ಅಲ್ಲ.)

ಆ ಭಾಗದ ಚರ್ಚಿನಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿ ಇದ್ದರು. ಸ್ನೋ ಮಾತು ಅವರಿಗೆ ಒಪ್ಪಿಗೆಯಾಗಲಿಲ್ಲ. ಮನೆಮನೆಗೆ ಹೋಗಿ ಪರಿಚಯ ಇದ್ದವರು, ಈ ವಾದ ತಪ್ಪು ಅಂತ ತೋರಿಸಲೆಂದೇ ವಿಚಾರಣೆ ಶುರು ಮಾಡಿದರು. ಕೇಳಿದ ಮನೆಗೇ ಮತ್ತೆ ಮತ್ತೆ ಹೋಗಿ ಕೇಳಿದರು. ಕೊನೆಗೆ ಪುರಾವೆ ಎಲ್ಲ ನೀರಿನ ಕಡೆಗೇ ವಾಲಿತು, ಅವರು ಮನಸ್ಸು ಬದಲಿಸಿದರು. ಅಷ್ಟೇ ಅಲ್ಲ, ಸ್ನೋ ಕಣ್ಣಿಗೆ ಬೀಳದ ಒಂದು ತುಂಡನ್ನೂ ಅವರೇ ಹುಡುಕಿ ಕೊಟ್ಟರು. ಪಂಪಿನ ಪಕ್ಕದ 40ನೇ ನಂಬರ್ ಮನೆಯಲ್ಲಿ ಎಲ್ಲರಿಗಿಂತ ಮೊದಲು ಒಂದು ಕೂಸಿಗೆ ಕಾಯಿಲೆ ಆಗಿತ್ತು. ಅದರ ಬಟ್ಟೆ ತೊಳೆದ ನೀರು ಹೋಗಿದ್ದು ಆ ಪಂಪಿನ ಬಾವಿಯಿಂದ ಕೆಲವೇ ಅಡಿ ದೂರದಲ್ಲಿದ್ದ, ಸೋರುವ ಗುಂಡಿಗೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಅವರು ಕೂತಿದ್ದರೆ ಈ ತುಂಡು ಸಿಗುತ್ತಿರಲಿಲ್ಲ. ನನ್ನ ಕಣ್ಣಲ್ಲಿ ಈ ಕಥೆಯ ಒಳ್ಳೆಯ ಓದುಗ ವೈಟ್‌ಹೆಡ್.

ದೋಷಕ್ಕೆ ಹೆಸರಿಡುವ ಚಪಲ

ತರ್ಕದ ದೋಷಗಳ ದೊಡ್ಡ ಪಟ್ಟಿಗಳಿವೆ. ವಾದ ಬಿಟ್ಟು ಆಳಿನ ಮೇಲೆ ಬೀಳುವುದು, ಎದುರಿನವರು ಹೇಳದ್ದನ್ನು ಅವರ ಬಾಯಿಗೆ ಹಾಕಿ ಅದನ್ನೇ ಹೊಡೆಯುವುದು, ಎರಡೇ ದಾರಿ ಇವೆ ಅಂತ ಹೆದರಿಸುವುದು, ಹೀಗೆ. ತಿಳಿದಿದ್ದರೆ ಒಳ್ಳೆಯದೇ. ಆದರೆ ಪಟ್ಟಿ ಬಾಯಿಪಾಠ ಮಾಡಿಕೊಂಡವರು ಒಂದು ಹೊಸ ರೋಗ ಹಚ್ಚಿಕೊಳ್ಳುತ್ತಾರೆ. ಹೆಸರು ಹೇಳಿದರೆ ಮುಗಿಯಿತು, ತಾನು ಗೆದ್ದೆ ಅಂದುಕೊಳ್ಳುತ್ತಾರೆ.

ಹಾಗೆ ಮುಗಿಯುವುದಿಲ್ಲ. ಕೆಟ್ಟ ವಾದದ ತುದಿಯಲ್ಲೂ ಸರಿಯಾದ ತೀರ್ಮಾನ ಇರಬಹುದು. "ನಮ್ಮ ಅಜ್ಜ ಹೇಳಿದ್ದರು, ಹಾಗಾಗಿ ಭೂಮಿ ದುಂಡಗಿದೆ" ಅನ್ನುವುದು ಜೊಳ್ಳು ವಾದ. ಭೂಮಿ ದುಂಡಗೇ ಇದೆ. ಹಾಗೇ, ಹೇಳಿದವರು ಯಾರು ಅಂತ ಕೇಳುವುದು ಯಾವಾಗಲೂ ದೋಷವಲ್ಲ. ಒಂದು ಔಷಧಿ ಒಳ್ಳೆಯದು ಅನ್ನುವವರು ಅದನ್ನು ಮಾರುವವರೇ ಆಗಿದ್ದರೆ ಆ ವಿಷಯ ನಮಗೆ ಬೇಕು. ಅದರಿಂದ ಮಾತು ಸುಳ್ಳಾಗುವುದಿಲ್ಲ, ಬೇರೆ ಸಾಕ್ಷಿ ಕೇಳಬೇಕು ಅನ್ನುವುದಷ್ಟೇ ಗೊತ್ತಾಗುತ್ತದೆ.

ನ್ಯಾಯ ದರ್ಶನದವರು ಚರ್ಚೆಯಲ್ಲೇ ಮೂರು ಬಗೆ ಮಾಡಿದ್ದರು. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದು ಅಂತ ಏನನ್ನೂ ಸ್ಥಾಪಿಸದೆ ಎದುರಿನವರದ್ದನ್ನು ಕೆಡವುತ್ತಲೇ ಹೋಗುವುದು ವಿತಂಡ. ಕನ್ನಡದಲ್ಲಿ ಬೈಗುಳದ ಹಾಗೆ ಬಳಸುವ "ವಿತಂಡವಾದ" ಬಂದದ್ದು ಅಲ್ಲಿಂದ. ದೋಷದ ಹೆಸರು ಕೂಗಿ ಹೋಗುವವರು ಹೆಚ್ಚಾಗಿ ಮೂರನೇ ಗುಂಪಿಗೆ ಸೇರುತ್ತಾರೆ.

ಈಗ ನಮ್ಮದೇ ಬರಹ

ಬರೆಯುವುದೇ ಕಷ್ಟ, ಯಾಕಂದರೆ ನಮ್ಮ ಹೇಳದೆ ಬಿಟ್ಟ ವಾಕ್ಯ ನಮಗೇ ಕಾಣುವುದಿಲ್ಲ. ಒಬ್ಬ ತಾಯಿ ಹೀಗೊಂದು ಕರಡು ಬರೆದರು ಅಂತಿಟ್ಟುಕೊಳ್ಳಿ:

"ಮೊಬೈಲ್ ಬಂದ ಮೇಲೆ ಮಕ್ಕಳು ಓದುವುದನ್ನೇ ಬಿಟ್ಟಿದ್ದಾರೆ. ಎಲ್ಲರಿಗೂ ಗೊತ್ತಿರುವಂತೆ ಅದೊಂದು ಚಟ. ಆದ್ದರಿಂದ ಹದಿನಾರು ವರ್ಷದೊಳಗಿನವರಿಗೆ ಮೊಬೈಲ್ ಕೊಡಲೇಬಾರದು. ಇದನ್ನು ವಿರೋಧಿಸುವವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ."

ಪೆನ್ಸಿಲ್ ತಗೊಳ್ಳೋಣ. "ಬಂದ ಮೇಲೆ" ಎಂಬಲ್ಲಿ ಕಾಗೆ ಕೂತಿದೆ. "ಮಕ್ಕಳು" ಅಂದರೆ ಎಷ್ಟು ಮಕ್ಕಳು? "ಓದುವುದನ್ನೇ" ಅನ್ನುವಲ್ಲಿ ಆ ಏಕಾರ ಹೊರಲಾರದ ಭಾರ ಹೊತ್ತಿದೆ. "ಎಲ್ಲರಿಗೂ ಗೊತ್ತಿರುವಂತೆ" ಬಂದಿರುವುದು ಪುರಾವೆ ಇರಬೇಕಾದ ಜಾಗದಲ್ಲಿ (ನನ್ನ ಹಳೆಯ ಬರಹಗಳಲ್ಲಿ ಇದು ಎಷ್ಟು ಸಲ ಬಂದಿದೆ ಅಂತ ಹೇಳಲು ನಾಚಿಕೆ). ಮೂರನೇ ವಾಕ್ಯ "ಹೀಗಿದೆ" ಎಂಬುದರಿಂದ "ಹೀಗಿರಬೇಕು" ಎಂಬುದಕ್ಕೆ ನೆಗೆದಿದೆ. ತೊಂದರೆ ಇರುವ ವಸ್ತುವನ್ನೆಲ್ಲ ಪೂರ್ತಿ ನಿಷೇಧಿಸಬೇಕು ಅಂತ ಒಪ್ಪಿದರೆ ಮಾತ್ರ ಆ ನೆಗೆತ ನಡೆಯುತ್ತದೆ. ಕೊನೆಯ ವಾಕ್ಯ ಯಾರನ್ನು ಒಪ್ಪಿಸಬೇಕಿತ್ತೋ ಅವರನ್ನೇ ಬೈದು ಹೊರಗೆ ಕಳಿಸಿದೆ.

ತಿದ್ದಿದ ಮೇಲೆ:

"ನನ್ನ ಮಗಳು ಮಲಗುವ ಮುಂಚೆ ಅರ್ಧ ಗಂಟೆ ಪುಸ್ತಕ ಓದುತ್ತಿದ್ದಳು. ಈಗ ಆ ಹೊತ್ತಿಗೆ ಮೊಬೈಲ್ ನೋಡುತ್ತಾಳೆ. ಅವಳಿಗೆ ಓದುವ ಆಸೆಯೇ ಹೋಗಿರಬಹುದು, ಮೊಬೈಲ್ ಬರೀ ನೆಪವಿರಬಹುದು ಅಂತ ನನಗೂ ಅನ್ನಿಸಿತು. ಅದಕ್ಕೇ ಎರಡು ವಾರ ರಾತ್ರಿ ಮೊಬೈಲ್ ತೆಗೆದಿಟ್ಟೆ. ಹದಿನಾಲ್ಕರಲ್ಲಿ ಒಂಬತ್ತು ರಾತ್ರಿ ಅವಳಾಗಿಯೇ ಪುಸ್ತಕ ಹಿಡಿದಳು. ಎಲ್ಲ ಮಕ್ಕಳೂ ಹೀಗೇ ಅಂತ ನಾನು ಹೇಳಲಾರೆ. ಮಲಗುವ ಹೊತ್ತಿಗಾದರೂ ಮೊಬೈಲ್ ಕೈಗೆ ಸಿಗದ ಹಾಗೆ ಇಟ್ಟು ನೋಡಬಹುದು ಅನ್ನಿಸುತ್ತದೆ."

ತೀರ್ಮಾನ ಸಣ್ಣದಾಗಿದೆ, ಆದರೆ ಅದರ ಕಾಲು ನೆಲಕ್ಕೆ ತಾಗಿದೆ. ಬೇರೆ ಕಾರಣ ಇರಬಹುದಾ ಅಂತ ಅವರೇ ಕೇಳಿಕೊಂಡಿದ್ದಾರೆ, ಸ್ನೋ ಹಾಗೆ ಎರಡನ್ನೂ ಬೇರೆ ಮಾಡಿ ನೋಡಿದ್ದಾರೆ. ಒಪ್ಪದ ಓದುಗರೂ ಇಲ್ಲಿ ಕೂತು ಮಾತಾಡಬಹುದು.

ಆದರೂ ವೈಟ್‌ಹೆಡ್ ಥರದವರೊಬ್ಬರು ಬಂದು ಒಂದು ಪ್ರಶ್ನೆ ಕೇಳಿಯಾರು: ಆ ಎರಡು ವಾರ ಶಾಲೆಗೆ ರಜೆ ಇತ್ತಾ? ಇದ್ದಿದ್ದರೆ ಆ ಒಂದು ವಾಕ್ಯವನ್ನೂ ಅಲ್ಲಿ ಬರೆಯಬೇಕಿತ್ತು.